ಅಪ್ಪನ ಯೆಜ್ಡಿ: ಫ್ಯೂಸ್ ಹೋಗುತ್ತೆ, ಲೈಟ್ ಮಂಕು, ಬ್ಯಾಟರಿ ನಿಲ್ಲಲ್ಲ. ಅನುಭವ ಇದ್ದವರು ಹೇಳಿ

ಎಲ್ಲರಿಗೂ ನಮಸ್ಕಾರ. ಅಪ್ಪ ಓಡಿಸುತ್ತಿದ್ದ 1979ರ ಯೆಜ್ಡಿ 250 ಬೈಕ್ ಆರು ವರ್ಷ ಹಾಸನದ ಮನೆಯ ಕೊಟ್ಟಿಗೆಯಲ್ಲಿ ನಿಂತಿತ್ತು. ಎಂಜಿನ್ ಕೆಲಸ ಮುಗಿದಿದೆ, ಎರಡನೇ ಕಿಕ್‌ಗೆ ಸ್ಟಾರ್ಟ್ ಆಗುತ್ತೆ. ತೊಂದರೆ ಇರೋದು ಕರೆಂಟಿಂದು. ಹೆಡ್‌ಲೈಟ್ ಬುಡ್ಡಿದೀಪದ ಹಾಗೆ ಉರಿಯುತ್ತೆ. ಹೊಸ 6 ವೋಲ್ಟ್ ಬ್ಯಾಟರಿ ನಿಲ್ಲಿಸಿದಲ್ಲೇ ಎರಡು ದಿನಕ್ಕೆ ಇಳಿದುಹೋಗುತ್ತೆ. ತಿರುವಿನಲ್ಲಿ ಒಮ್ಮೊಮ್ಮೆ ಫ್ಯೂಸ್ ಹೋಗಿ ಗಾಡಿ ಆಫ್. ಇಲ್ಲಿನ ಎಲೆಕ್ಟ್ರಿಷಿಯನ್ ಪೂರ್ತಿ ವೈರಿಂಗ್ ಕಿತ್ತು ಹೊಸದು ಹಾಕಬೇಕು ಅಂತಾರೆ. ಜುಲೈ ಎರಡನೇ ಭಾನುವಾರ, ಈ ಬೈಕಿನವರೆಲ್ಲ ಸೇರುವ ಜಾವಾ–ಯೆಜ್ಡಿ ದಿನಕ್ಕೆ, ಮೈಸೂರಿಗೆ ಓಡಿಸಿಕೊಂಡು ಹೋಗಬೇಕು ಅಂತ ಆಸೆ. ಮೊದಲು ಏನು ನೋಡಲಿ?

ಮೈಸೂರಿನಿಂದ:

ತಮ್ಮಾ, ಕಿತ್ತುಹಾಕೋ ಮಾತು ಈಗಲೇ ಬೇಡ. ಈ ಗಾಡಿ ಮಾಡುತ್ತಿದ್ದ ನಮ್ಮೂರಿನ ಯಾದವಗಿರಿ ಕಾರ್ಖಾನೆ 1996ರಲ್ಲಿ ಮುಚ್ಚಿತು. ಈಗ ಸಿಗೋ ಎಷ್ಟೋ ವೈರಿಂಗ್ ಸೆಟ್‌ಗಳಲ್ಲಿ ವೈರಿನ ಬಣ್ಣ ಹಳೇದಕ್ಕೆ ಹೊಂದಲ್ಲ, ಮುಂದೆ ಯಾವ ವೈರು ಎಲ್ಲಿಗೆ ಹೋಗುತ್ತೆ ಅಂತ ಯಾರಿಗೂ ಗೊತ್ತಾಗಲ್ಲ. ನೀನು ಹೇಳಿದ್ದು ಮೂರು ಕಾಯಿಲೆ. ಒಂದೊಂದಾಗಿ ಹಿಡಿ.

ಮಂಕು ಲೈಟಿಗೆ ಮೊದಲು ಅರ್ಥ್ ನೋಡು, ಅಂದರೆ ಕರೆಂಟು ಗಾಡಿಯ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗೋ ದಾರಿ. 6 ವೋಲ್ಟ್ ಗಾಡಿಯಲ್ಲಿ 35 ವ್ಯಾಟ್ ಬಲ್ಬು ಹತ್ತಿರ ಹತ್ತಿರ 6 ಆಂಪಿಯರ್ ಎಳೆಯುತ್ತೆ. 12 ವೋಲ್ಟ್ ಗಾಡಿಯಲ್ಲಾದರೆ ಅದರ ಅರ್ಧ. ಹಾಗಾಗಿ ದಾರಿಯಲ್ಲಿ ಕಾಲು ವೋಲ್ಟ್, ಅರ್ಧ ವೋಲ್ಟ್ ಸೋರಿದರೂ ನಮ್ಮ ಗಾಡಿಗೆ ದೊಡ್ಡ ಪೆಟ್ಟು. ಮಲ್ಟಿಮೀಟರ್ ಡಿಸಿ 20 ವೋಲ್ಟಿಗೆ ಇಟ್ಟು, ಹೆಡ್‌ಲೈಟ್ ಹಾಕಿ, ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಬಲ್ಬ್ ಹೋಲ್ಡರಿನ ಅರ್ಥ್ ಮೇಲೆ ಹಿಡಿ. ಸೊನ್ನೆಯ ಹತ್ತಿರ ಇರಬೇಕು. 0.2 ದಾಟಿತು ಅಂದರೆ ಅರ್ಥ್ ಸರಿಯಿಲ್ಲ. ಆಮೇಲೆ ಪ್ಲಸ್ಸಿನಿಂದ ಬಲ್ಬಿನ ತನಕವೂ ಹೀಗೇ ನೋಡು. ವೈರು ತುಂಡಾಗಿಲ್ಲ ಅಂತ ಮೀಟರ್ ಮಾಡೋ ಬರೀ ಬೀಪ್ ಶಬ್ದ ನಂಬಬೇಡ. ವೈರಿನೊಳಗೆ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತೆ, ಆದರೆ ಆ ಎಳೆ 6 ಆಂಪಿಯರ್ ಹೊರಲ್ಲ. ಈ ಬೀಪ್ ನಂಬಿ ನಾನು ಎರಡು ಭಾನುವಾರ ಕಳೆದಿದ್ದೀನಿ.

ಹೆಡ್‌ಲೈಟಿನ ಡೂಮ್‌ನಿಂದ (ಹೊರ ಚಿಪ್ಪಿನಿಂದ) ಫ್ರೇಮಿಗೆ ಒಂದು ಪ್ರತ್ಯೇಕ ಅರ್ಥ್ ವೈರು ಎಳೆದುಬಿಡು. ಇಲ್ಲದಿದ್ದರೆ ಕರೆಂಟು ಹ್ಯಾಂಡಲ್ ಕತ್ತಿನ ಬೇರಿಂಗಿನ ಗ್ರೀಸ್ ದಾಟಿ ಬರಬೇಕು. ಬೋಲ್ಟಿನ ಕೆಳಗಿನ ಪೇಂಟ್ ಕೆರೆದು, ವೈರಿನ ತುದಿಗೆ ಹಾಕೋ ತಾಮ್ರದ ಲಗ್ ಕೂರಿಸಿ, ಮೇಲೆ ವ್ಯಾಸಲಿನ್ ಸವರು.

ತಿರುವಿನಲ್ಲಿ ಫ್ಯೂಸ್ ಹೋಗುತ್ತೆ ಅಂದೆಯಲ್ಲ, ಅದೇ ಸುಳಿವು. ಹ್ಯಾಂಡಲ್ ತಿರುಗಿದಾಗ ಯಾವುದೋ ವೈರು ಬಾಡಿಗೆ ತಾಗುತ್ತಿದೆ. ಫ್ಯೂಸ್ ತೆಗೆದು ಆ ಜಾಗಕ್ಕೆ 6 ವೋಲ್ಟಿನ ಒಂದು ಹೆಡ್‌ಲೈಟ್ ಬಲ್ಬ್ ಸಿಕ್ಕಿಸು. ಹೆಡ್‌ಲೈಟ್, ಹಾರ್ನ್ ಎಲ್ಲಾ ಆಫ್ ಮಾಡಿ ಕೀ ಮಾತ್ರ ಹಾಕು. ಬಲ್ಬು ಉರಿದರೂ ಮಂದವಾಗೇ ಇರುತ್ತೆ. ಹ್ಯಾಂಡಲನ್ನ ನಿಧಾನಕ್ಕೆ ಎಡಕ್ಕೆ ಬಲಕ್ಕೆ ತಿರುಗಿಸು. ಎಲ್ಲಿ ಫಳ್ ಅಂತ ಜೋರಾಗಿ ಹೊತ್ತಿಕೊಳ್ಳುತ್ತೋ ಅಲ್ಲೇ ಕೈ ನಿಲ್ಲಿಸಿ ಟ್ಯಾಂಕ್ ಕೆಳಗೆ ಹುಡುಕು. ಕೀ ಹಾಕಿ ಹಾಗೇ ಬಿಟ್ಟು ಹೋಗಬೇಡ, ಇಗ್ನಿಷನ್ ಪಾಯಿಂಟ್ (ಎಂಜಿನ್ ಕಿಡಿಗೆ ಕರೆಂಟು ಕಡಿಯೋ ಸ್ವಿಚ್ಚು) ಮುಚ್ಚಿಕೊಂಡಿದ್ದರೆ ಕಿಡಿ ಕೊಡೋ ಕಾಯಿಲ್ ಬಿಸಿಯಾಗಿ ಕೆಡಬಹುದು.

ಫ್ಯೂಸಿನ ಜಾಗಕ್ಕೆ ವೈರಿನ ಎಳೆ ಮಾತ್ರ ಯಾವತ್ತೂ ಸುತ್ತಬೇಡ. ನಂಜನಗೂಡು ರಸ್ತೆಯಲ್ಲಿ ಒಂದು ರಾತ್ರಿ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಹೊರಟಿದ್ದೆ. ಎರಡು ಕಿಲೋಮೀಟರಿಗೆ ಟ್ಯಾಂಕಿನ ಕೆಳಗಿಂದ ಬಿಳಿ ಹೊಗೆ ಬಂತು, ಪ್ಲಾಸ್ಟಿಕ್ ಸುಟ್ಟ ವಾಸನೆ. ಮೇಲೆ ಒಂಬತ್ತು ಲೀಟರ್ ಪೆಟ್ರೋಲ್. ಬ್ಯಾಟರಿ ವೈರನ್ನ ಕೈಯಲ್ಲೇ ಎಳೆದು ಕಿತ್ತೆ. ಬೆರಳಿನ ಗುರುತು ಇವತ್ತಿಗೂ ಇದೆ.

ಶಿರಸಿಯಿಂದ:

ಮೈಸೂರಿನ ಅಣ್ಣ ಹೇಳಿದ್ದು ಸರಿ, ಆದರೆ ನಾನು ಪೂರ್ತಿ ಬದಲಾಯಿಸಿದವ, ಬೇಸರ ಇಲ್ಲ. ನಮ್ಮ ಮಳೆಗೆ ತಾಮ್ರವೆಲ್ಲ ಕಿಲುಬು ಹಿಡಿದಿತ್ತು. ವೈರಿನ ಎರಡಿಂಚು ಸಿಪ್ಪೆ ಸುಲಿದು ನೋಡಿ. ಒಳಗಿನ ಎಳೆ ಹಸಿರೋ ಕಪ್ಪೋ ಆಗಿದ್ದರೆ, ಬಗ್ಗಿಸಿದಾಗ ಹೊರಗಿನ ಸಿಪ್ಪೆ ಸಂಡಿಗೆಯ ಹಾಗೆ ಬಿರುಕು ಬಿಟ್ಟರೆ, ಆ ವೈರಿಗೆ ಆಯಸ್ಸು ಮುಗಿದಿದೆ. ಹೊಸದು ಎಳೆದರೆ ಗಾಡಿಯದ್ದೇ ಹಲವು ಎಳೆಯ ವೈರು ತನ್ನಿ. ಮನೆ ವೈರಿಂಗಿನ ಒಂಟಿ ದಪ್ಪ ತಂತಿ ನಡುಕಕ್ಕೆ ತುಂಡಾಗುತ್ತದೆ. ಜಾಯಿಂಟಿಗೆ ಬರೀ ಟೇಪ್ ಬೇಡ, ಬಿಸಿಗೆ ಅಂಟು ಕರಗಿ ಜಾರುತ್ತದೆ. ಬೆಸುಗೆ ಹಾಕಿ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ) ತೂರಿಸಿ. ಕೊಟ್ಟಿಗೆಯಲ್ಲಿತ್ತು ಅಂದಿರಿ, ಸೀಟಿನ ಕೆಳಗೆ ಇಲಿ ಕಡಿದಿದೆಯೋ ನೋಡಿ. ಬ್ಯಾಟರಿ ಡಬ್ಬಿ ಹತ್ತಿರ ಆ್ಯಸಿಡ್ ಬಿದ್ದ ಬಿಳಿ ಪುಡಿ ಇದ್ದರೆ ಅಡುಗೆ ಸೋಡಾ ನೀರಿನಲ್ಲಿ ತೊಳೆಯಿರಿ.

ದಾವಣಗೆರೆಯಿಂದ:

ಬ್ಯಾಟರಿ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ಚಾರ್ಜ್ ಮಾಡಿ, ವೈರು ಬಿಚ್ಚಿ, ಎರಡು ದಿನ ಪಕ್ಕಕ್ಕಿಡಿ ಸರ್. ಆಗಲೂ ಇಳಿದರೆ ಬ್ಯಾಟರಿಯೇ ಕೆಟ್ಟಿದೆ. ಇಳಿಯದಿದ್ದರೆ ಗಾಡಿಯೇ ಕರೆಂಟು ಕುಡಿಯುತ್ತಿದೆ. ಕೀ ಆಫ್ ಇರಲಿ, ಮೈನಸ್ ವೈರು ಮತ್ತೆ ತಾಗಿಸುವಾಗ ಸಣ್ಣ ಕಿಡಿ ಬಂದರೆ ಕಟೌಟ್ ಮೇಲೆ ಅನುಮಾನ ಪಡಿ, ಅಂದರೆ ಎಂಜಿನ್ ನಿಂತಾಗ ಡೈನಮೋವನ್ನ ಬ್ಯಾಟರಿಯಿಂದ ಬಿಡಿಸೋ ಸ್ವಿಚ್ಚು. ಅದರ ಪಾಯಿಂಟ್ ಅಂಟಿಕೊಂಡರೆ ಕರೆಂಟು ಬ್ಯಾಟರಿಯಿಂದ ಡೈನಮೋಗೆ ವಾಪಸ್ ಹರಿಯುತ್ತೆ. ನನ್ನ ಗಾಡಿಯಲ್ಲಿ ಡೈನಮೋ ಕೈ ಇಡಲಾರದಷ್ಟು ಬಿಸಿಯಾಗಿತ್ತು, ಎಂಜಿನ್ ಆಫ್ ಇದ್ದಾಗ!

ಚಾರ್ಜಿಂಗ್ ಇದೆಯೋ ಇಲ್ಲವೋ ತಿಳಿಯಲು ಎಂಜಿನ್ ಸ್ವಲ್ಪ ಏರಿಸಿ ಬ್ಯಾಟರಿ ಮೇಲೆ ಮೀಟರ್ ಇಡಿ. 7 ವೋಲ್ಟಿನ ಆಸುಪಾಸು ಬರಬೇಕು. ಬಾರದಿದ್ದರೆ ಎಂಜಿನ್ನಿನ ಬಲಗಡೆ ಕವರ್ ಬಿಚ್ಚಿ ಡೈನಮೋದ ಕಾರ್ಬನ್ ಬ್ರಶ್ ನೋಡಿ. ಕಮ್ಯುಟೇಟರ್ (ಬ್ರಶ್ ತಾಗುವ, ತಿರುಗುವ ತಾಮ್ರದ ಭಾಗ) ಕಪ್ಪಾಗಿದ್ದರೆ ನಯವಾದ ಮರಳು ಕಾಗದದಲ್ಲಿ ಉಜ್ಜಿ, ಎಮರಿ ಕಾಗದ ಬೇಡ, ಅದರ ಪುಡಿ ಸಂದಿಯಲ್ಲಿ ಕೂತು ಶಾರ್ಟ್ ಮಾಡಬಹುದು. 12 ವೋಲ್ಟಿಗೆ ಬದಲಾಯಿಸಿ ಅಂತ ಹೇಳೋರು ಸಿಗ್ತಾರೆ. ಕಾಯಿಲ್, ಹಾರ್ನ್, ಬಲ್ಬು, ರೆಗ್ಯುಲೇಟರ್ ಎಲ್ಲಾ ಬದಲಾಗಬೇಕು. ಅಪ್ಪನ ಗಾಡಿ, ಇದ್ದ ಹಾಗೇ ಇಟ್ಟುಕೊಳ್ಳಿ ಅಂತೀನಿ.

ಹಾಸನದಿಂದ, ಹತ್ತು ದಿನದ ಮೇಲೆ:

ಸಿಕ್ಕಿತು! ಬಲ್ಬ್ ಸಿಕ್ಕಿಸಿ ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದೆ, ಹೊತ್ತಿಕೊಂಡಿತು. ಟ್ಯಾಂಕ್ ಇಳಿಸಿದರೆ ಕತ್ತಿನ ಹಿಂದೆ ಕಪ್ಪು ಟೇಪಿನ ಉಂಡೆ, ಒಳಗೆ ಹಾರ್ನಿನ ವೈರು. ಸಿಪ್ಪೆ ಬೆರಳುಗುರಿನಷ್ಟು ಸವೆದು ತಾಮ್ರ ಫಳಫಳ ಹೊಳೀತಿತ್ತು, ಎದುರಿನ ಫ್ರೇಮಿನ ಮೇಲೆ ಸುಟ್ಟ ಚುಕ್ಕೆಗಳು. ಹೆಡ್‌ಲೈಟ್ ಅರ್ಥ್ 0.9 ತೋರಿಸಿತು, ಬೇರೆ ವೈರು ಎಳೆದ ಮೇಲೆ 0.1. ಈಗ ರಸ್ತೆ ಕಾಣುತ್ತೆ. ಉಳಿದ ವೈರುಗಳನ್ನ ಸುಲಿದು ನೋಡಿದೆ, ತಾಮ್ರ ಇನ್ನೂ ಕೆಂಪಾಗೇ ಇದೆ, ಕಿತ್ತಿಲ್ಲ.

ದಾವಣಗೆರೆ ಸರ್, ಕಿಡಿ ಬಂತು. ಕಟೌಟ್ ಪಾಯಿಂಟ್ ಉಜ್ಜಿ ಬಿಡಿಸಿದೆ, ಮೂರು ದಿನ ನಿಲ್ಲಿಸಿದರೂ ಬ್ಯಾಟರಿ 6.3 ಇದೆ. ಆದರೆ ಪಾಯಿಂಟ್ ಮೇಲೆ ಆಳವಾಗಿ ಗುಳಿ ಬಿದ್ದಿದೆ, ಮತ್ತೆ ಅಂಟಬಹುದು. ಇದರ ಬದಲಿಗೆ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿ ಓಡಿಸಿದವರು ಯಾರಾದರೂ ಇದ್ದೀರಾ?