ಆರು ಭಾನುವಾರದಲ್ಲಿ ವೆಬ್ ಪ್ರೋಗ್ರಾಮಿಂಗ್ ಕಲಿಸಬಹುದಾ?

ಪ್ರಶ್ನೆ: ನಮಸ್ತೆ ಸರ್. ಡೊಂಬಿವಲಿಯ ನಮ್ಮ ಕನ್ನಡ ಬಳಗದ ಮಕ್ಕಳಿಗೆ ವೆಬ್ ಪ್ರೋಗ್ರಾಮಿಂಗ್ ಹೇಳಿಕೊಡಬೇಕು ಅಂತಿದ್ದೇವೆ. ಹನ್ನೆರಡು ಮಕ್ಕಳು, ಎಲ್ಲರೂ ಹತ್ತನೇ ಕ್ಲಾಸ್ ಮುಗಿಸಿದವರು. ಆರು ಭಾನುವಾರ, ಎರಡೆರಡು ಗಂಟೆ. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ರಿಯಾಕ್ಟ್, ಡೇಟಾಬೇಸ್ ಅಂತ ಪಟ್ಟಿ ಮಾಡಿದ್ದೇನೆ. ಸಾಕಾ?

ಉತ್ತರ: ಜಾಸ್ತಿಯೇ ಆಯಿತು ಮೇಡಂ! ಕೈಯಲ್ಲಿರುವುದು 12 ಗಂಟೆ. ರಿಯಾಕ್ಟ್, ಡೇಟಾಬೇಸ್ ಎರಡನ್ನೂ ಹೊಡೆದುಹಾಕಿ. ಮಕ್ಕಳು ಒಂದೇ ಪುಟ ಮಾಡಲಿ, ಆದರೆ ಪೂರ್ತಿ ಮಾಡಲಿ. ನಾನಾದರೆ ಹೋಟೆಲ್ ಮೆನು ಮಾಡಿಸುತ್ತೇನೆ. ಮುಂಬೈಯಲ್ಲಿ ನಮ್ಮವರ ಮಕ್ಕಳಿಗೆ ಹೋಟೆಲ್ ಗೊತ್ತಿಲ್ಲದೆ ಇರುತ್ತದಾ? ಎರಡು ವಾರ ಎಚ್‌ಟಿಎಂಎಲ್‌ನಲ್ಲಿ ತಿಂಡಿ, ದರದ ಪಟ್ಟಿ. ಒಂದು ವಾರ ಸಿಎಸ್‌ಎಸ್, ಅಂದರೆ ಪುಟದ ಅಂದಚಂದ. ಬಣ್ಣ ಬಳಿಯುತ್ತಾ ಕೂತರೆ ಏಳುವುದೇ ಇಲ್ಲ, ಅಷ್ಟೇ ಸಾಕು. ಉಳಿದ ಮೂರು ವಾರ ಜಾವಾಸ್ಕ್ರಿಪ್ಟ್‌ಗೆ. ಬಟನ್ ಒತ್ತಿದರೆ ಬಿಲ್ ಬರಬೇಕು.

ಮಜಾ ಇರುವುದು ಅಲ್ಲೇ. ಒಂದು ಬಾಕ್ಸಿನಲ್ಲಿ ಇಡ್ಲಿಗೆ 40, ಇನ್ನೊಂದರಲ್ಲಿ ಕಾಫಿಗೆ 30 ಅಂತ ಟೈಪ್ ಮಾಡಿ ನಡುವೆ ಪ್ಲಸ್ ಹಾಕಿದರೆ ಬಿಲ್ 4030 ರೂಪಾಯಿ! ಬಾಕ್ಸಿನಿಂದ ಬರುವುದು ಅಂಕಿಯಲ್ಲ, ಬರಹ. ಬರಹಕ್ಕೆ ಬರಹ ಸೇರಿಸು ಅಂದರೆ ಜಾವಾಸ್ಕ್ರಿಪ್ಟ್ ಪಕ್ಕಪಕ್ಕ ಅಂಟಿಸಿಬಿಡುತ್ತದೆ. ಬರಹವನ್ನು ಅಂಕಿ ಮಾಡುವ ನಂಬರ್ ಅನ್ನುವ ಫಂಕ್ಷನ್‌ನಲ್ಲಿ ಎರಡನ್ನೂ ಹಾಯಿಸಿ ಕೂಡಿಸಿದರೆ 70 ಬರುತ್ತದೆ. ಇದನ್ನು ಮೊದಲೇ ಹೇಳಬೇಡಿ. ನಕ್ಕು ಮುಗಿಯಲಿ, ಆಮೇಲೆ ಅವರೇ ಹುಡುಕಲಿ.

ಪ್ರಶ್ನೆ: ನಿನ್ನೆ ಸುಮ್ನೆ ನೋಟ್‌ಪ್ಯಾಡ್‌ನಲ್ಲಿ ಬರೆದು ನೋಡಿದೆ ಸರ್. ಒಂದು ಫೈಲ್ ಬ್ರೌಸರ್‌ನಲ್ಲಿ ತೆರೆದರೆ ಬರೀ ಕೋಡ್ ಕಾಣಿಸಿತು. ಇನ್ನೊಂದರಲ್ಲಿ ಕನ್ನಡವೆಲ್ಲ ಏನೇನೋ ಗುರುತುಗಳಾಗಿತ್ತು.

ಉತ್ತರ: ಮೊದಲನೆಯದರ ಹೆಸರಿನ ಕೊನೆಗೆ ಡಾಟ್ ಟಿಎಕ್ಸ್‌ಟಿ ಸೇರಿಕೊಂಡಿರಬೇಕು. ವಿಂಡೋಸ್ ಅದನ್ನು ತೋರಿಸುವುದಿಲ್ಲ, ಬಚ್ಚಿಡುತ್ತದೆ. ಸೇವ್ ಮಾಡುವಾಗ ‘ಆಲ್ ಫೈಲ್ಸ್’ ಆರಿಸಿ, ಹೆಸರಿಗೆ ಡಾಟ್ ಎಚ್‌ಟಿಎಂಎಲ್ ಅಂತ ನೀವೇ ಕೊಡಿ. ಕನ್ನಡಕ್ಕೆ ಎರಡು ಕಡೆ ನೋಡಬೇಕು: ಫೈಲ್ ಯುಟಿಎಫ್-8ರಲ್ಲಿ (ಕನ್ನಡವೂ ಸೇರಿ ಎಲ್ಲ ಲಿಪಿಗಳ ಅಕ್ಷರ ಉಳಿಸುವ ಪದ್ಧತಿ) ಸೇವ್ ಆಗಿರಬೇಕು, ಪುಟದ ಹೆಡ್ ಭಾಗದಲ್ಲಿ ಮೆಟಾ ಚಾರ್‌ಸೆಟ್ ಯುಟಿಎಫ್-8 ಅನ್ನುವ ಸಾಲೂ ಇರಬೇಕು. ಮೊದಲ ಕ್ಲಾಸಿನಲ್ಲಿ ಅರ್ಧ ಗಂಟೆ ಇದಕ್ಕೇ ಎತ್ತಿಡಿ.

ಪ್ರಶ್ನೆ: ಭಾನುವಾರ ಮೆಗಾಬ್ಲಾಕ್ ಇದ್ದರೆ, ಅಂದರೆ ಹಳಿ ರಿಪೇರಿಗೆ ಲೋಕಲ್ ರೈಲು ಕಡಿತವಾದರೆ, ಠಾಣೆ ಊರಿನ ಕಡೆಯ ಮಕ್ಕಳು ತಪ್ಪಿಸುತ್ತಾರಲ್ಲ ಸರ್?

ಉತ್ತರ: ತಪ್ಪಿಸಿಯೇ ತಪ್ಪಿಸುತ್ತಾರೆ. ಪ್ರತಿ ವಾರ ಕ್ಲಾಸ್ ಬಿಡುವಾಗ ಅಂದಿನ ಮುಗಿದ ಫೈಲ್ ವಾಟ್ಸಾಪ್ ಗ್ರೂಪಿಗೆ ಹಾಕಿ. ಬಾರದವರು ಮುಂದಿನ ವಾರ ಅಲ್ಲಿಂದಲೇ ಶುರು ಮಾಡುತ್ತಾರೆ.