ಆಡಿಯೋಗ್ರಾಂನಲ್ಲಿ 4000 ಹರ್ಟ್ಸ್ ಹತ್ತಿರ ಗುಂಡಿ: ಗುಗ್ಗೆ ಕಾರಣವೇ?

ಪ್ರಶ್ನೆ: ಪವರ್‌ಲೂಮ್ ಕೆಲಸ, ವಯಸ್ಸು 46. ಆಡಿಯೋಗ್ರಾಂ (ಎಷ್ಟು ಸಣ್ಣ ಸದ್ದು ಕೇಳುತ್ತೆ ಅಂತ ತೋರಿಸುವ ನಕ್ಷೆ) ಪ್ರಕಾರ ಎರಡೂ ಕಿವಿಗೆ 4000 ಹರ್ಟ್ಸ್‌ನ ಕೀಚು ಸದ್ದು 50 ಡೆಸಿಬೆಲ್ ಇದ್ದರೆ ಮಾತ್ರ ಕೇಳುತ್ತೆ, 8000ಕ್ಕೆ 30 ಸಾಕು. ಮಾತು ಕೇಳುತ್ತೆ, ಆದರೆ ‘ಸ’, ‘ಶ’ ತಪ್ಪಿಹೋಗುತ್ತೆ. ಗುಗ್ಗೆ ತೆಗೆಸಿದರೆ ಸರಿಹೋಗುತ್ತಾ?

ಉತ್ತರ 1: ಗುಗ್ಗೆಯಿಂದ ನಕ್ಷೆಗೆ ಈ ಆಕಾರ ಬರಲ್ಲ. ರಿಪೋರ್ಟಿನಲ್ಲಿ ಬೋನ್ ಕಂಡಕ್ಷನ್ (ಮೂಳೆ ಮೂಲಕ ನೇರ ಒಳಕಿವಿಗೆ ಸದ್ದು ಕಳಿಸಿ ಅಳೆದದ್ದು) ಗೆರೆ ನೋಡಿ. ಅದು ಚೆನ್ನಾಗಿದ್ದು ಏರ್ ಕಂಡಕ್ಷನ್ (ಹೆಡ್‌ಫೋನಿನಿಂದ ಕಿವಿಯೊಳಗೆ ಸದ್ದು ಬಿಟ್ಟು ಅಳೆದದ್ದು) ಮಾತ್ರ ಇಳಿದಿದ್ದರೆ ತೊಂದರೆ ಹೊರಕಿವಿ ಅಥವಾ ಮಧ್ಯಕಿವಿಯದ್ದು: ಗುಗ್ಗೆ, ಕಿವಿತಮಟೆಯ ತೂತು, ಕೀವು. ಎರಡೂ ಗೆರೆ ಒಟ್ಟಿಗೆ ಇಳಿದಿದ್ದರೆ ಒಳಕಿವಿಯದ್ದು. 4000ದಲ್ಲಿ ಕುಸಿದು 8000ಕ್ಕೆ ಮೇಲೇಳುವುದು ಸದ್ದಿನ ಹೊಡೆತದ ಗುರುತು. ವಯಸ್ಸಿನ ಕಿವುಡಾದರೆ 8000ದಲ್ಲಿ ಇನ್ನೂ ಕೆಳಗಿರುತ್ತೆ. ಒಳಕಿವಿಯ ರೋಮಕೋಶ (ಸದ್ದನ್ನು ಹಿಡಿಯುವ ಕೋಶ) ಸತ್ತರೆ ಮತ್ತೆ ಹುಟ್ಟಲ್ಲ; ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಅಷ್ಟೇ.

ಉತ್ತರ 2: ದಿನಕ್ಕೆ 8 ಗಂಟೆಗೆ 85 ಡೆಸಿಬೆಲ್ ಮಿತಿ ಅಂತ ಇಟ್ಟುಕೊಳ್ಳಿ, ಪ್ರತಿ 3 ಡೆಸಿಬೆಲ್ ಏರಿದಂತೆ ಇರಬಹುದಾದ ಹೊತ್ತು ಅರ್ಧಕ್ಕಿಳಿಯುತ್ತೆ. ಮಗ್ಗದ ಶೆಡ್ಡಿನಲ್ಲಿ ಹತ್ತಿ ತುರುಕಿಕೊಂಡರೆ ಸಾಲದು. ಫೋಮ್ ಪ್ಲಗ್ ಸಣ್ಣಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗೆ ತಳ್ಳಿ, ಉಬ್ಬುವ ತನಕ 30 ಸೆಕೆಂಡ್ ಒತ್ತಿ ಹಿಡಿಯಿರಿ. ಅರ್ಧ ಹೊರಗೆ ಚಾಚಿಕೊಂಡಿದ್ದರೆ ಹಾಕಿಯೂ ಹಾಕದಂತೆ! ಬಹಳ ಜನ ಎಡವುವುದು ಇಲ್ಲೇ.

ಉತ್ತರ 3: ಹಿಂದೆ ಜೆಂಟಾಮೈಸಿನ್, ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಅಥವಾ ಕ್ಯಾನ್ಸರ್ ಔಷಧ ಸಿಸ್‌ಪ್ಲಾಟಿನ್ ತಗೊಂಡಿದ್ದರೆ ವೈದ್ಯರಿಗೆ ತಿಳಿಸಿ, ಅವೂ ರೋಮಕೋಶ ಕೊಲ್ಲುತ್ತವೆ. ಒಂದೇ ಕಿವಿ ಮೂರು ದಿನದೊಳಗೆ ದಿಢೀರನೆ ಮಂದವಾದರೆ ಕಥೆಯೇ ಬೇರೆ. ಎಣ್ಣೆ ಬಿಟ್ಟು ಕಾಯಬೇಡಿ, ಅಂದೇ ಇಎನ್‌ಟಿಗೆ ಹೋಗಿ. ಸ್ಟೀರಾಯ್ಡ್ ಮೊದಲ ಎರಡು ವಾರದಲ್ಲೇ ಶುರುವಾಗಬೇಕು.