ಅಪ್‌ಡೇಟ್: ಸಿಲಿಕಾನ್ ಕಾರ್ಬೈಡ್ ನಾರಿನ ರಾಮನ್ ಫಲಿತಾಂಶ ಬಂತು

ಸೋಡಿಯಂ ಸಲ್ಫೇಟ್ ಉಪ್ಪು ಸವರಿ 1000 ಡಿಗ್ರಿಗೆ ಕಾಯಿಸಿದ ನಾರು ಮುಟ್ಟಿದರೆ ಮುರಿಯುತ್ತೆ, ರಾಮನ್‌ನಲ್ಲಿ (ಲೇಸರ್ ಬಿಟ್ಟು, ಚದುರಿ ಬಂದ ಬೆಳಕಿನಿಂದ ಯಾವ ವಸ್ತು ಇದೆ ಅಂತ ತಿಳಿಯುವ ಪರೀಕ್ಷೆ) ಏನು ನೋಡಲಿ ಅಂತ ಹಿಂದೆ ಇಲ್ಲೇ ಕೇಳಿದ್ದೆ. ಅಡ್ಡ ಕೊಯ್ದು ನೋಡಿ, ಲೇಸರ್ ಪವರ್ ಕಮ್ಮಿ ಇಡಿ ಅಂದಿದ್ದಿರಿ. ಎರಡೂ ಸರಿಯಾದ ಸಲಹೆ.

ಪುಣೆಯ ನಮ್ಮ ಲ್ಯಾಬ್‌ನಲ್ಲಿ ಧಾರವಾಡದ ಸೀನಿಯರ್ ಅಕ್ಕ ಒಬ್ಬರಿದ್ದಾರೆ. "ನೀರು ಹಾಕಿ ಪಾಲಿಶ್ ಮಾಡಬ್ಯಾಡ, ಉಪ್ಪೆಲ್ಲಾ ಕರಗಿ ಹೋಗ್ತದ" ಅಂದರು. ಎಣ್ಣೆ ಬಳಸಿದೆವು. ಈ ಮಾತು ಬಂಗಾರ.

ನಾರಿನ ನಡುವೆ ಕಾರ್ಬನ್‌ನ 1350, 1600ರ ಪೀಕ್‌ಗಳು (ಅಳತೆ ಎಲ್ಲಾ cm⁻¹ನಲ್ಲಿ) ಹೊಸ ನಾರಿನಲ್ಲಿ ಇದ್ದ ಹಾಗೇ ಇವೆ. ಅಂಚಿಗೆ ಬಂದರೆ ಅವು ಕುಗ್ಗುತ್ತವೆ, 796ರ ಹತ್ತಿರ ಸಿಲಿಕಾನ್ ಕಾರ್ಬೈಡ್ ಎದ್ದು ಕಾಣುತ್ತೆ. ಅಂಚಿನ ಕಾರ್ಬನ್ ಉರಿದುಹೋಗಿದೆ. ಹೊರಪದರದಲ್ಲಿ 1100ರ ಸುತ್ತ ಅಗಲವಾದ ಪಟ್ಟಿ, ಅಂದರೆ ಸೋಡಿಯಂ ಸಿಲಿಕೇಟ್ ಗಾಜು. ಕಾಯಿಸಿದಾಗ ಮೇಲೆ ಕಟ್ಟಿಕೊಂಡು ನಾರನ್ನು ಕಾಪಾಡಬೇಕಿದ್ದ ಸಿಲಿಕಾ ಪದರವನ್ನು ಸೋಡಿಯಂ ಕರಗಿಸಿದೆ, ಅಲ್ವಾ?

ಪವರ್ ಜಾಸ್ತಿ ಆದರೆ ಕಪ್ಪು ನಾರು ಬಿಸಿಯಾಗಿ ಪೀಕ್ ಜಾಗ ಬದಲಿಸುತ್ತೆ, 1 ಮಿಲಿವ್ಯಾಟ್ ಒಳಗೇ ಇಡಿ. ಮುಂದೆ ಬೋರಾನ್ ನೈಟ್ರೈಡ್ ಲೇಪಿಸಿದ ನಾರು ನೋಡುತ್ತೇವೆ. ಮಾಡಿದವರಿದ್ದರೆ ದಯವಿಟ್ಟು ಬರೆಯಿರಿ.